ಎರಡು ತಟ್ಟು, ಒಂದು ಗೀರು

ಊರಿನ ಮಕ್ಕಳಿಗೆಲ್ಲ ಬೇಸಿಗೆ ರಜೆ ಶುರುವಾದರೆ ಅವಳಿಗೆ ಕೆಲಸ ಕುತ್ತಿಗೆಗೆ ಬರುತ್ತಿತ್ತು. ಅವಳು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಟೈಲರ್. ರಜೆಯಲ್ಲಿ ಮಕ್ಕಳು ಆಡುತ್ತ ಆಡುತ್ತ ಉದ್ದವಾಗುತ್ತಾರೆ, ಶಾಲೆ ತೆರೆಯುವುದರೊಳಗೆ ಅವರಿಗೆಲ್ಲ ಹೊಸ ಲಂಗ, ಹೊಸ ಚಡ್ಡಿ ಆಗಬೇಕು. ಹೀಗಾಗಿ ಬೇರೆ ತಾಯಂದಿರು ಮಕ್ಕಳ ಕಾಟಕ್ಕೆ ಸಾಕಪ್ಪಾ ಸಾಕು ಅನ್ನುತ್ತಿದ್ದ ದಿನಗಳಲ್ಲಿ ಇವಳು ತನ್ನ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿ, ಯಾರ ಯಾರದೋ ಮಕ್ಕಳ ಸೊಂಟದ ಅಳತೆ ನೋಡಿಕೊಂಡು ಕೂತಿರುತ್ತಿದ್ದಳು. ಗಂಡ ಲಾರಿ ಡ್ರೈವರ್. ಮನೆಯಲ್ಲಿದ್ದರೆ ಗೊರಕೆ, ಇಲ್ಲದಿದ್ದರೆ ಫೋನು, ಇಷ್ಟೇ ಅವನಿಂದ ಮನೆಗೆ ಸಿಗುವ ಸದ್ದು.

ಮಕ್ಕಳು ಇಬ್ಬರೂ ಹೆಣ್ಣು. ದೊಡ್ಡವಳಿಗೆ ಯಾರ ದನಿಯನ್ನಾದರೂ ಇದ್ದ ಹಾಗೇ ಎತ್ತಿ ಆಡುವ ವಿದ್ಯೆ ಹುಟ್ಟಿನಿಂದಲೇ ಬಂದಿತ್ತು. ಮನೆ ಮಾಲೀಕರು ಕೆಮ್ಮಿದಂತೆ ಅವಳು ಕೆಮ್ಮಿದರೆ ಅಪ್ಪ ಮಂಚದಿಂದ ಎದ್ದು ಅಂಗಿ ಹುಡುಕುತ್ತಿದ್ದ. ಚಿಕ್ಕವಳಿಗೆ ಬೀದಿಯವರೇ ಸೇರಿ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ರಾತ್ರಿ ಕಣ್ಣು ಮುಚ್ಚುವ ತನಕ ನಿಲ್ಲುತ್ತಿರಲಿಲ್ಲ, ಕೆಲವು ಸಲ ಮುಚ್ಚಿದ ಮೇಲೂ ನಡೆಯುತ್ತಿತ್ತು.

ರಜೆ ಶುರುವಾದ ವಾರವೇ ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುವ ಹೆಂಗಸು ಒಂದು ಸುದ್ದಿ ಹೊತ್ತು ತಂದಳು. ಹಿಂದಿನ ಬೀದಿಯಲ್ಲಿ ಯಾವನೋ ಒಬ್ಬ ಮಟಮಟ ಮಧ್ಯಾಹ್ನ ಬಾಗಿಲು ತಟ್ಟಿ, "ನಿಮ್ಮಮ್ಮ ಕಳಿಸಿದ್ದಾರೆ" ಅಂದನಂತೆ. ಮನೆಯಲ್ಲಿ ಒಂಟಿಯಾಗಿದ್ದ ಮಗು ಬಾಗಿಲು ತೆಗೆಯಿತಂತೆ. ಮುಂದಿನದು ಬಾಯಿಂದ ಬಾಯಿಗೆ ಬೆಳೆಯಿತು. ಬೆಳಿಗ್ಗೆ ಟಿವಿ ಮಾತ್ರ ಹೋಗಿತ್ತು, ಊಟದ ಹೊತ್ತಿಗೆ ಒಡವೆಯೂ ಹೋಯಿತು, ಸಂಜೆ ಅಂಗಡಿ ಮುಚ್ಚುವಷ್ಟರಲ್ಲಿ ಮಗುವೇ ಹೋಗಿತ್ತು. ಯಾವುದು ನಿಜವೋ ದೇವರಿಗೇ ಗೊತ್ತು. ಅವಳು ಮಾತ್ರ ಆ ದಿನ ಹೊಲಿದ ಕಾಲರುಗಳನ್ನೆಲ್ಲ ಮರುದಿನ ಬಿಚ್ಚಿ ಹೊಲಿಯಬೇಕಾಯಿತು.

ಅಂದೇ ಅವಳು ಮನೆಗೆ ಕಾನೂನು ತಂದಳು. ಅಮ್ಮ ಹೊರಟ ಕೂಡಲೇ ಒಳಗಿನಿಂದ ಚಿಲಕ. ಯಾರು ತಟ್ಟಿದರೂ ಉಸಿರೆತ್ತಬಾರದು, ಮನೆಯಲ್ಲಿ ಯಾರೂ ಇಲ್ಲದ ಹಾಗೆ ಇರಬೇಕು. ಅಮ್ಮ ಬಂದರೆ ಬೀಗದ ಕೈಯಿಂದ ಬಾಗಿಲಿಗೆ ಎರಡು ಸಲ ತಟ್ಟುತ್ತಾಳೆ, ಸ್ವಲ್ಪ ತಡೆದು, ಅದರಿಂದಲೇ ಮೇಲಿನಿಂದ ಕೆಳಗೆ ಒಂದು ಗೀರು ಎಳೆಯುತ್ತಾಳೆ. ಟಕ್ ಟಕ್, ಸರ್ರ್. ಅದು ಕೇಳಿಸಿದರೆ ಒಳಗಿನಿಂದ ಒಂದು ತಟ್ಟು, ಆಮೇಲೆ ಚಿಲಕ.

"ಅಜ್ಜಿ ಬಂದ್ರೆ?" ಅಂದಳು ರೇಡಿಯೋ.

"ತೆಗೀಬಾರದು."

"ಅಪ್ಪ ಬಂದ್ರೆ?"

"ಅಪ್ಪ ಬಂದ್ರೆ ಲಾರಿ ಸದ್ದು ಬರುತ್ತೆ."

"ಪೊಲೀಸು ಬಂದ್ರೆ? ಅಮ್ಮಾ, ಬೆಂಕಿ ಬಂದ್ರೆ? ಬೆಂಕಿ ಬಾಗಿಲು ತಟ್ಟುತ್ತಾ?"

ದೊಡ್ಡವಳು ಬಿದ್ದು ಬಿದ್ದು ನಕ್ಕಳು. ಅಮ್ಮನಿಗೆ ನಗು ಬರಲಿಲ್ಲ.

ಒಂದು ಸಂಜೆ ಅವಳು ಕಾಲ್ನಡಿಗೆಯಲ್ಲಿ ಮನೆಗೆ ಬರುತ್ತಿದ್ದಾಗ ತನ್ನದೇ ದನಿ ಕೇಳಿ ದಂಗಾದಳು. "ರೇಡಿಯೋ, ಬೇಗ ಬಾಗಿಲು ತೆಗಿಯೇ, ಕೈ ತುಂಬಾ ಸಾಮಾನಿದೆ!" ದೊಡ್ಡವಳು ಹಿತ್ತಲಿನಿಂದ ಸುತ್ತಿಬಂದು ಬಾಗಿಲ ಮುಂದೆ ನಿಂತು ತಂಗಿಯನ್ನು ಆಟ ಆಡಿಸುತ್ತಿದ್ದಳು. ಬಾಗಿಲು ತೆರೆದೇಬಿಟ್ಟಿತು. ಅಮ್ಮ ಓಡಿಬಂದವಳು ದೊಡ್ಡವಳಿಗೆ ಒಂದು ಕೊಟ್ಟಳು. ಆಮೇಲೆ ಚಿಕ್ಕವಳ ಎರಡೂ ಭುಜ ಹಿಡಿದು ಕುಕ್ಕರಗಾಲಿನಲ್ಲಿ ಕೂತಳು.

"ದನಿ ಯಾರಿಗೆ ಬೇಕಾದ್ರೂ ಬರುತ್ತೆ ಕಣೇ. ನನ್ನ ದನಿ ಕೇಳಿದ್ರೂ ನಂಬಬಾರದು. ಗೀರು ಕೇಳಿದ್ರೆ ಮಾತ್ರ ನಾನು. ತಿಳೀತಾ?"

"ನೀನೇ ಕೂಗಿದ್ರೂ?"

"ನಾನೇ ಕೂಗಿದ್ರೂ. ಬಾಯಿ ಸುಮ್ಮನಿರಲ್ಲ ಅಂದ್ರೆ ಕೈ ಅಡ್ಡ ಇಟ್ಕೋ."

ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಕೇಳಿದ ಗಂಡ, "ಹೆದರಿಸಿ ಹೆದರಿಸಿ ಮಕ್ಕಳನ್ನ ಪುಕ್ಕಲು ಮಾಡ್ತೀಯ ನೀನು" ಅಂದ. ದೂರದಲ್ಲಿ ಲಾರಿ ಓಡಿಸುವವನಿಗೆ ಧೈರ್ಯ ಸುಲಭ. ಅವಳು ಫೋನಿಟ್ಟಳು.

ರಜೆ ಮುಗಿಯುವ ಹೊತ್ತಿಗೆ ಅದು ನಡೆದೇಹೋಯಿತು. ಅವಳು ಮನೆಗೆ ಬಂದು ಗೀರು ಎಳೆದಾಗ ಮಕ್ಕಳಿಬ್ಬರೂ ಮಂಚದ ಕೆಳಗಿನಿಂದ ಹೊರಬಂದು ಚಿಲಕ ತೆಗೆದರು. ಮಧ್ಯಾಹ್ನ ಯಾರೋ ಬಂದು ಬಾಗಿಲು ತಟ್ಟಿದ್ದ, ಬಾಗಿಲು ಅಲುಗಾಡಿಸಿ ನೋಡಿದ್ದ. "ರೇಡಿಯೋ, ಬಾಗಿಲು ತೆಗಿ, ಅಮ್ಮ ಕಳಿಸಿದ್ದಾರೆ" ಅಂದಿದ್ದ. ಗಂಡಸಿನ ದನಿ. ತುಂಬ ಹೊತ್ತು ಬಾಗಿಲ ಹೊರಗೇ ನಿಂತಿದ್ದ, ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಚಪ್ಪಲಿ ಕಾಣುತ್ತಿತ್ತು ಅಂದಳು ದೊಡ್ಡವಳು. ಅವನು ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. ಇಡೀ ಬೀದಿಯೇ ಕೂಗುವ ಹೆಸರು ದಾರಿಹೋಕನಿಗೂ ಗೊತ್ತಿರಬಹುದು. ಅಕ್ಕಪಕ್ಕದವರು ತಾವು ಯಾರನ್ನೂ ನೋಡಲಿಲ್ಲ ಅಂದರು. ಅವಳು ಇಬ್ಬರನ್ನೂ ತಬ್ಬಿಕೊಂಡು, "ಜಾಣೆಯರು, ಹೀಗೇ ಇರಬೇಕು" ಅಂದಳು. ಅಂದಿನಿಂದ ಅವಳಿಗೆ ಹೊಲಿಗೆ ಯಂತ್ರದ ಸದ್ದಿನಲ್ಲೂ ಬಾಗಿಲು ತಟ್ಟಿದ ಸದ್ದೇ ಕೇಳತೊಡಗಿತು.

ಶಾಲೆ ತೆರೆದ ದಿನ ಅವಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಎತ್ತರದ ಗೋಡೆ, ಕಬ್ಬಿಣದ ಗೇಟು, ಗೇಟಿಗೊಬ್ಬ ಕಾವಲಿನವನು. ಇನ್ನೇನು ಬೇಕು? ರೇಡಿಯೋಗೆ ಅದು ಶಾಲೆಯ ಮೊದಲ ದಿನ. ಮೂರು ವರ್ಷವಾದರೂ ಬಾಳಲಿ ಎಂದು ಅಮ್ಮ ಮಡಿಕೆಯ ಮೇಲೆ ಮಡಿಕೆ ಇಟ್ಟು ಹೊಲಿದಿದ್ದ ಲಂಗ, ಅಷ್ಟು ಮಡಿಸಿದರೂ ಮೊಣಕಾಲಿನ ಕೆಳಗೆ ಇಳಿದಿತ್ತು. ಶಾಲೆಯ ಬಾಗಿಲುಗಳಿಗೆಲ್ಲ ಹೊಸ ಹಸಿರು ಬಣ್ಣ ಬಳಿದಿದ್ದರು. ದೊಡ್ಡವಳು ಮೇಲಿನ ಮಹಡಿಗೆ ಹೋದಳು, ಚಿಕ್ಕವಳು ಕೆಳಗಿನ ಕೋಣೆಗಳ ಸಾಲಿಗೆ. ಅಮ್ಮನ ಕೈ ಬಿಡಿಸಿಕೊಂಡು ಮಾತಾಡುತ್ತಲೇ ಒಳಗೆ ಹೋದಳು.

ಚಿಕ್ಕ ಮಕ್ಕಳಿಗೆ ಮಧ್ಯಾಹ್ನಕ್ಕೇ ಬಿಡುತ್ತಿದ್ದರು. ಅಂಗಡಿಯ ಯಜಮಾನಿ, "ಹೀಗೆ ಹೋಗಿ ಹಾಗೆ ಬಾ" ಎಂದು ಮುಖ ಗಂಟು ಹಾಕಿಕೊಂಡೇ ಕಳಿಸಿದಳು. ಶಾಲೆ ತೆರೆದ ಮೇಲೆ ಎಚ್ಚೆತ್ತ ತಾಯಂದಿರಿಂದ ಅಂಗಡಿ ತುಂಬಿತ್ತು. ಅವಳು ಬಂದಾಗ ಇನ್ನೂ ಗಂಟೆ ಹೊಡೆದಿರಲಿಲ್ಲ. ಗೇಟಿನವನು ವಯಸ್ಸಾದವನು, ನಗುಮುಖದವನು.

"ಅಣ್ಣಾ, ಒಂಚೂರು ಬೇಗ ಕರ್ಕೊಂಡು ಬರ್ತೀರಾ? ಉದ್ದ ಲಂಗ, ಬಾಯಿ ಜೋರು. ರೇಡಿಯೋ ಅಂತ ಕೂಗಿ, ಓಡಿ ಬರ್ತಾಳೆ."

"ಅದಕ್ಕೇನಮ್ಮ" ಎಂದು ಅವನು ಒಳಗೆ ಹೋದ.

ಅವನು ಒಬ್ಬನೇ ವಾಪಸು ಬಂದ. "ಬಂದಳಲ್ಲಮ್ಮ? ನನಗಿಂತ ಮುಂದೆ ಓಡಿದಳು."

"ಎಲ್ಲಿ ಬಂದಳು?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳ ದಂಡು ಗೇಟಿಗೆ ನುಗ್ಗಿತು. ನೀಲಿ ಲಂಗ, ಬಿಳಿ ಅಂಗಿ, ನೀಲಿ ಲಂಗ, ಬಿಳಿ ಅಂಗಿ. ಅರ್ಧಕ್ಕರ್ಧ ಅವಳೇ ಹೊಲಿದವು. ಹಿಂದಿನಿಂದ ನೋಡಿದರೆ ಎಲ್ಲರೂ ಅವಳ ಮಗಳೇ. ಒಬ್ಬಳ ಭುಜ ಹಿಡಿದು ತಿರುಗಿಸಿದಳು, ಅಲ್ಲ. ಇನ್ನೊಬ್ಬಳು, ಅವಳೂ ಅಲ್ಲ. ಆ ಮಗು ಹೆದರಿ ಅಳತೊಡಗಿತು. ಗೇಟು ಖಾಲಿಯಾಯಿತು.

ಆಮೇಲೆ ನಡೆದದ್ದೆಲ್ಲ ಅವಳಿಗೆ ನೀರೊಳಗಿಂದ ಕೇಳಿದ ಹಾಗೆ ಕೇಳಿತು. ಕ್ಲಾಸ್ ಮಿಸ್ ಬಂದರು, ಮಗು ಕ್ಲಾಸಿನ ಬಾಗಿಲ ತನಕ ಬಂದದ್ದನ್ನು ತಾನು ನೋಡಿದ್ದೇನೆ ಅಂದರು. ಹೆಡ್‌ಮಿಸ್ ಬಂದು ಗೇಟು ಹಾಕಿಸಿದರು. ಶೌಚಾಲಯ ನೋಡಿದರು, ನೀರಿನ ತೊಟ್ಟಿಯ ಮುಚ್ಚಳ ತೆಗೆದು ನೋಡಿದರು. ಆ ಮುಚ್ಚಳ ತೆಗೆಯುವಾಗ ಅವಳು ಗೋಡೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಆಯಾ ಒಂದೊಂದೇ ಬಾಗಿಲು ತಳ್ಳಿ ನೋಡುತ್ತ ಹೋದಳು. ಮೂಲೆಯ ತಗಡಿನ ಮಾಡಿನ ಕೋಣೆ ಅಲುಗಲಿಲ್ಲ. "ಅದು ಆಟದ ಸಾಮಾನಿನ ಕೋಣೆ, ಮೇಷ್ಟ್ರು ರಜೆಯಿಂದ ಬಂದಿಲ್ಲ, ಮುಚ್ಚೇ ಇದೆ" ಎಂದು ಮುಂದೆ ನಡೆದಳು.

"ರೇಡಿಯೋ!" ಎಂದು ಕೂಗಿದಳು ಅಮ್ಮ. ಅಂಗಳದ ನಡುವೆ ನಿಂತು ಕೂಗಿದಳು, ಸಾಲಿನುದ್ದಕ್ಕೂ ಓಡುತ್ತ ಕೂಗಿದಳು. "ಅಮ್ಮ ಬಂದಿದ್ದೀನಿ ಕಣೇ! ಎಲ್ಲಿದ್ದೀಯೇ? ನನ್ನಪ್ಪಾ, ಒಂದು ಸಲ ಓ ಅನ್ನೇ!" ದನಿ ಒಡೆದು ಅಳುವಾಯಿತು. ಯಾರೂ ಓಗೊಡಲಿಲ್ಲ. ಕರೆಯುವ ಮೊದಲೇ ಹತ್ತು ಉತ್ತರ ಕೊಡುವ ಮಗಳು ಅವಳದು. ಇಲ್ಲಿದ್ದರೆ ಸುಮ್ಮನಿರುತ್ತಾಳೆಯೇ? ಹಾಗಾದರೆ ಇಲ್ಲಿಲ್ಲ. ಬಾಗಿಲ ಸಂದಿಯಲ್ಲಿ ಕಂಡ ಆ ಚಪ್ಪಲಿ ಈಗ ಅವಳ ಕಣ್ಣಮುಂದೆ ರಸ್ತೆಯಲ್ಲಿ ನಡೆದುಹೋಗುತ್ತಿತ್ತು, ಪಕ್ಕದಲ್ಲಿ ಒಂದು ಉದ್ದ ಲಂಗ.

ಹೆಡ್‌ಮಿಸ್ ಪೊಲೀಸರಿಗೆ ಫೋನು ಮಾಡಲು ಹೊರಟರು. ಅಷ್ಟರಲ್ಲಿ ಯಾರೋ ದೊಡ್ಡವಳನ್ನು ಕೆಳಗೆ ಕರೆತಂದರು. ವಿಷಯ ತಿಳಿದವಳೇ ಅವಳು ಬಿಳಿಚಿಕೊಂಡು, ಅಂಗಳದ ಕಡೆ ತಿರುಗಿ ಜೋರಾಗಿ ಕೂಗಿದಳು. "ರೇಡಿಯೋ! ಎಲ್ಲಿದ್ದೀಯೇ?"

ಹೆಡ್‌ಮಿಸ್ ಗಕ್ಕನೆ ತಿರುಗಿ ಅಮ್ಮನ ಮುಖ ನೋಡಿದರು. ಅಮ್ಮ ಬಾಯಿ ತೆರೆದಿರಲಿಲ್ಲ. ಆದರೆ ಅದು ಅವಳದೇ ದನಿ, ಅಳು ಕೂಡ ಅವಳದೇ.

ಆಗ ಅಮ್ಮನಿಗೆ ತಾನೇ ಕಲಿಸಿದ್ದು ನೆನಪಾಯಿತು. ಗೇಟಿನವನ ಕಡೆ ತಿರುಗಿದಳು.

"ಅಣ್ಣಾ, ನೀವು ಅವಳಿಗೆ ಏನಂದ್ರಿ?"

"ನಾನೇನಮ್ಮ ಅಂದೆ? ರೇಡಿಯೋ, ಬಾ, ಅಮ್ಮ ಕಳಿಸಿದ್ದಾರೆ ಅಂದೆ. ಅಷ್ಟೇ. ಬಾಣದ ಥರ ಓಡಿದಳು. ನಿಮ್ಮ ಹತ್ರಾನೇ ಬಂದಳು ಅಂದ್ಕೊಂಡೆ."

ಆ ಮಾತನ್ನು ಅವನ ಬಾಯಿಗೆ ಹಾಕಿದವಳು ತಾನೇ. ಹೆಸರು ಹೇಳಿಕೊಟ್ಟು, ಒಬ್ಬ ಅಪರಿಚಿತ ಗಂಡಸನ್ನು ಮಗಳ ಬಾಗಿಲಿಗೆ ತಾನೇ ಕಳಿಸಿದ್ದಳು.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಕಿತ್ತುಕೊಂಡು ಓಡಿದಳು. ಮೊದಲ ಬಾಗಿಲು. ಟಕ್ ಟಕ್, ಸರ್ರ್. ಹಸಿರು ಬಣ್ಣದ ಮೇಲೆ ಬಿಳಿ ಗೀರು ಬಿತ್ತು. ಕಿವಿಗೊಟ್ಟು ನಿಂತಳು. ಇಲ್ಲ. ಮುಂದಿನ ಬಾಗಿಲು. ಆಯಾ, "ಅಯ್ಯೋ, ಹೊಸ ಬಣ್ಣ!" ಅಂದಳು. ಹೆಡ್‌ಮಿಸ್ ಕೈ ಎತ್ತಿ ಆಯಾಳನ್ನು ತಡೆದರು. ತೆರೆದಿದ್ದ ಬಾಗಿಲುಗಳನ್ನೂ ಅಮ್ಮ ಬಿಡಲಿಲ್ಲ. ಬುದ್ಧಿ ನಿಂತಿತ್ತು, ಕೈ ಮಾತ್ರ ನಡೆಯುತ್ತಿತ್ತು. ಹಿಂದೆ ದೊಡ್ಡವಳು, ಮಿಸ್ಸುಗಳು, ಟೋಪಿ ಕೈಯಲ್ಲಿ ಹಿಡಿದ ಗೇಟಿನವನು, ಎಲ್ಲರೂ ತುದಿಗಾಲಲ್ಲಿ ಬರುತ್ತಿದ್ದರು.

ಮೂಲೆಯ ಕೋಣೆಯ ಮುಂದೆ ಆಯಾ ಮತ್ತೆ, "ಅದು ಮುಚ್ಚಿದ್ದಮ್ಮ, ಬೀಗ ಇದೆ" ಅಂದಳು. ಬೀಗ ಇತ್ತು. ಕೊಂಡಿ ಕಿತ್ತುಬಂದು, ಬೀಗ ಒಂದೇ ಕಡೆ ಜೋತಾಡುತ್ತಿತ್ತು. ಬಾಗಿಲು ಒಳಗಿನಿಂದ ಹಾಕಿತ್ತು. ತಗಡಿನ ಮಾಡು ಬಿಸಿಲಿಗೆ ಕಾದು ಚಟಪಟ ಅನ್ನುತ್ತಿತ್ತು. ಆ ಬಿಸಿಯಲ್ಲಿ ಇಷ್ಟು ಹೊತ್ತು ಒಂದು ಮಗು ಉಸಿರಾಡಲು ಆಗುತ್ತದೆಯೇ ಎಂಬ ಯೋಚನೆ ಬಂತು. ತಟ್ಟಿದ್ದು ಸರಿಯಾಗಿ ಬೀಳಲಿಲ್ಲ. ಒಳಗೆ ಸದ್ದಿಲ್ಲ.

ಅವಳು ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಟಕ್ ಟಕ್. ತಡೆದಳು. ಮೇಲಿನಿಂದ ಕೆಳಗೆ, ಉದ್ದಕ್ಕೂ, ಒಂದೇ ಗೀರು.

ಒಳಗಿನಿಂದ, ತುಂಬ ಕೆಳಗಿನಿಂದ, ಒಂದು ತಟ್ಟು ಕೇಳಿತು. ಆಮೇಲೆ ಚಿಲಕ ಸರಿಯಿತು.

ರೇಡಿಯೋ ನಿಂತಿದ್ದಳು. ಕೂದಲು ಹಣೆಗೆ ಅಂಟಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು, ಲಂಗದ ಮಡಿಕೆ ಎಲ್ಲೋ ಸಿಕ್ಕಿ ಹರಿದಿತ್ತು. ಒಂದು ಕೈ ಬಾಯಿಗೆ ಅಡ್ಡ ಇಟ್ಟುಕೊಂಡಿದ್ದಳು. ಕೈ ತೆಗೆದಾಗ ಕೆನ್ನೆಯ ಮೇಲೆ ಬೆರಳಿನ ಅಚ್ಚು ಮೂಡಿತ್ತು. ಗೇಟಿನವನನ್ನು ಕಂಡದ್ದೇ ಅಮ್ಮನ ಸೀರೆಯ ಹಿಂದೆ ಸೇರಿಕೊಂಡಳು. ಅವನು ಟೋಪಿಯಿಂದ ಕಣ್ಣೊರೆಸಿಕೊಂಡು ದೂರ ಸರಿದ.

ಅಮ್ಮ ನೆಲದ ಮೇಲೇ ಕೂತು ಅವಳನ್ನು ಎಳೆದುಕೊಂಡಳು. ಮಾತು ಬಂದದ್ದು ಮಗಳಿಗೆ, ಕಟ್ಟಿಟ್ಟದ್ದೆಲ್ಲ ಒಮ್ಮೆಗೇ.

"ನಾನು ಒಂದು ಸಲಾನೂ ಮಾತಾಡ್ಲಿಲ್ಲಮ್ಮ. ಕೆಮ್ಮು ಬಂತು, ಕೆಮ್ಮಲಿಲ್ಲ. ಆಮೇಲೆ ಯಾರೋ ಒಬ್ಬಳು ಬಂದಳು, ಥೇಟ್ ನಿನ್ನ ಥರಾನೇ ಕೂಗ್ತಿದ್ದಳು. ಅಳ್ತಾನೂ ಇದ್ದಳು. ಓ ಅನ್ನೇ ಅಂದಳು. ನಾನು ಮೋಸ ಹೋಗ್ಲಿಲ್ಲ."

"ಅದು ನಾನೇ ಕಣೇ" ಅಂದಳು ಅಮ್ಮ.

ರೇಡಿಯೋ ಸ್ವಲ್ಪ ಹಿಂದೆ ಸರಿದು ಅಮ್ಮನ ಮುಖವನ್ನು ಎಚ್ಚರಿಕೆಯಿಂದ ನೋಡಿದಳು. "ಇಲ್ಲ, ನೀನು ಹಾಗೆ ಅಳಲ್ಲ" ಅಂದಳು. ಆಮೇಲೆ ಅಮ್ಮನ ಮುಷ್ಟಿ ಬಿಡಿಸಿ, ಒಳಗೆ ಬೀಗದ ಕೈ ಇದೆಯೇ ಎಂದು ನೋಡಿದಳು.