ನೀರು ಕುಡಿಯದ ಹಾಸು

ಚಳಿಗಾಲ ನಡುವಿಗೆ ಬಂದಿತ್ತು. ಕಿಟಕಿಯ ಬಿಸಿಲು ನೆಲ ಮುಟ್ಟುವ ಹೊತ್ತಿಗೆ ಹೊಲಿಗೆಯವಳು ಮೊಣಕಾಲೂರಿ, ಉಣ್ಣೆಯಂತೆ ಮೆತ್ತಗಿರುವ ಫ್ಲೀಸ್ ಬಟ್ಟೆ ಕತ್ತರಿಸುತ್ತಿದ್ದಳು. ಕೆಳಗೊಂದು ಪದರ ಫ್ಲೀಸ್, ನಡುವೆ ಹಳೆಯ ಟವೆಲ್ಲು, ಮೇಲೆ ಮತ್ತೊಂದು ಪದರ ಫ್ಲೀಸ್. ಮೂರನ್ನೂ ಕೂಡಿಸಿ ಅಂಚು ಹೊಲಿದರೆ ಗಿನಿಪಿಗ್‌ಗಳ ಗೂಡಿಗೆ ಹಾಸು. ಅವು ಉಚ್ಚೆ ಹೊಯ್ದರೆ ಮೇಲಿನ ಬಟ್ಟೆ ದಾಟಿ ಟವೆಲ್ಲಿಗೆ ಇಳಿಯಬೇಕು, ಕಾಲೂರುವ ಜಾಗ ಒಣಗಿರಬೇಕು. ಆ ಹಾಸಿನ ಕೆಲಸ ಇಷ್ಟೇ.

ಕತ್ತರಿ ಇನ್ನೂ ಬಟ್ಟೆಯಲ್ಲಿರುವಾಗಲೇ ನರ್ಸಮ್ಮ ಬಂದಳು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ, ಜನ ಸಾಕಲಾರದೆ ಬಿಟ್ಟುಹೋದ ಗಿನಿಪಿಗ್‌ಗಳನ್ನೆಲ್ಲ ಹಿಂದಿನ ಕೋಣೆಯಲ್ಲಿಟ್ಟುಕೊಂಡು ಸಲಹುತ್ತಿದ್ದ ಹೆಂಗಸು. ಕೈಯಲ್ಲಿ ಹೋದ ವಾರ ಒಯ್ದಿದ್ದ ಹಾಸುಗಳ ಗಂಟು.

“ಒಂದು ಲೋಟ ನೀರು ಕೊಡಮ್ಮ.”

ಕುಡಿಯಲಿಕ್ಕೆಂದು ತಂದ ನೀರನ್ನು ನರ್ಸಮ್ಮ ಹಾಸಿನ ಮೇಲೆ ಸುರಿದಳು. ಒಂದು ತೊಟ್ಟೂ ಒಳಗಿಳಿಯಲಿಲ್ಲ. ಗುಂಡುಗುಂಡಾಗಿ ನಿಂತು, ಹಾಸನ್ನು ವಾಲಿಸಿದ ಕಡೆಗೆ ಉರುಳಿತು.

“ನೋಡಿದ್ಯಾ? ಉಚ್ಚೆನೂ ಹೀಗೇ ನಿಲ್ಲುತ್ತೆ. ಅದರಲ್ಲೇ ನಿಂತು ನಿಂತು ನಮ್ಮ ಮುದುಕನ ಅಂಗಾಲು ಹುಣ್ಣಾಗಿದೆ.” ಮುದುಕ ಎಂದರೆ ಆ ಕೋಣೆಯ ಹಿರಿಯ ಗಿನಿಪಿಗ್. “ಇನ್ನೊಂದು ಸಲ ಹೀಗಾದ್ರೆ ನಾನು ಬೇರೆ ಕಡೆ ಹೊಲಿಸ್ಕೋತೀನಿ. ಬೇಜಾರು ಮಾಡ್ಕೋಬೇಡ.”

ಬೇಜಾರೇ! ಹೊಲಿಗೆಯವಳ ಕಿವಿ ಕೆಂಪಾಯಿತು. ಬೀದಿಯವರು ಹಿಂದಿನಿಂದ ಅವಳನ್ನು ‘ಸೂಜಿಮೆಣಸು’ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ತನ್ನ ಹೊಲಿಗೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಅಂತ ಯಾರೂ ಬೆರಳು ಮಾಡಿದ್ದಿಲ್ಲ. ತಪ್ಪು ಬಟ್ಟೆಯದು. ಬಟ್ಟೆ ಕೊಟ್ಟವನದು. ಹಾಸುಗಳನ್ನು ಕಂಕುಳಲ್ಲಿ ಅವುಚಿಕೊಂಡು, ಚಪ್ಪಲಿ ಮೆಟ್ಟಿದ್ದೇ ಅಂಗಡಿಗೆ ಹೊರಟಳು.

ಬಟ್ಟೆ ಅಂಗಡಿ ಗಿಜಿಗುಡುತ್ತಿತ್ತು. ಅವಳು ಗಲ್ಲಾಪೆಟ್ಟಿಗೆಯ ಮುಂದೆ ಗಂಟನ್ನು ಎತ್ತಿ ಕುಕ್ಕಿದಳು.

“ಏನಣ್ಣ, ಪ್ಲಾಸ್ಟಿಕ್ಕನ್ನ ಫ್ಲೀಸ್ ಅಂತ ಹೇಳಿ ಎಷ್ಟು ಜನಕ್ಕೆ ಟೋಪಿ ಹಾಕಿದ್ದೀರಿ?”

ಅಂಗಡಿಯವನು ಅಳತೆಕೋಲು ಕೆಳಗಿಟ್ಟ. “ಯಾಕಕ್ಕ, ಏನಾಯ್ತು? ಕೂತ್ಕೊಳ್ಳಿ ಮೊದಲು.”

“ಕೂತ್ಕೊಳ್ಳೋಕೆ ಬಂದಿಲ್ಲ. ಬಾಯಿಲ್ಲದ ಪ್ರಾಣಿ ಕಾಲು ಕೊಳೀತಿದೆ, ನನ್ನ ಹೆಸರು ಮಣ್ಣುಪಾಲಾಗ್ತಿದೆ!”

“ಹೊಸ ಫ್ಲೀಸು ನೀರು ಕುಡಿಯಲ್ಲಕ್ಕ. ಮೂರ್ನಾಲ್ಕು ಸಲ ಒಗೀಬೇಕು.”

“ಒಗೆಯೋದನ್ನ ನನಗೆ ಹೇಳಿಕೊಡ್ತೀರಾ? ನಾಲ್ಕು ಸಲ ಒಗೆದಿದ್ದೀನಿ! ಸೀದಾ ಹೇಳಿ, ಕಳ್ಳಮಾಲು ತಾನೇ ಇದು? ಕಳ್ಳ ವ್ಯಾಪಾರ!”

ಪರದೆಗೆಂದು ಬಟ್ಟೆ ಆರಿಸಿಟ್ಟಿದ್ದ ಹೆಂಗಸೊಬ್ಬಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟೇಹೋದಳು. ಅವಳ ಹಿಂದೆ ಇನ್ನಿಬ್ಬರು. ಅಂಗಡಿಯವನ ಮುಖ ಸುಣ್ಣವಾಗಿತ್ತು. ಹೊಲಿಗೆಯವಳು ಗಂಟನ್ನು ಮತ್ತೆ ಕಂಕುಳಿಗೇರಿಸಿ ತಲೆಯೆತ್ತಿಕೊಂಡೇ ಹೊರಬಂದಳು.

ಮನೆಯಲ್ಲಿ ಅತ್ತೆ ಬಚ್ಚಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುಚಿದ್ದ ಬಕೆಟ್ಟಿನ ನೀರನ್ನು ಒರೆಸುತ್ತಿದ್ದಳು.

“ಬಾಗಿಲು ಬಡಿದ ಸದ್ದಿಗೇ ಗೊತ್ತಾಯ್ತು, ಯಾರದೋ ಚಳಿ ಬಿಡಿಸಿ ಬಂದಿದ್ದೀಯ ಅಂತ.”

ಹೊಲಿಗೆಯವಳ ಕಣ್ಣು ಒರೆಸುವ ಬಟ್ಟೆಯ ಮೇಲೆ ನಿಂತಿತು. ಅತ್ತೆಯ ಕೈಯಲ್ಲಿದ್ದದ್ದು ಅದೇ ಫ್ಲೀಸ್ ಥಾನಿನ ಚೂರು, ಕಳೆದ ಸಲ ಕತ್ತರಿಸಿ ಉಳಿದಿದ್ದು. ಅದು ನೆಲದ ನೀರನ್ನು ಸೊರಸೊರನೆ ಹೀರುತ್ತಿತ್ತು.

“ಅತ್ತೆ, ಇದನ್ನ ಯಾವುದರಲ್ಲಿ ಒಗೆದ್ರಿ?”

“ಬಟ್ಟೆ ಸೋಪಲ್ಲಿ. ನೆಲ ಒರೆಸೋ ತುಂಡಿಗೂ ನಿನ್ನ ಹಾಗೆ ಸೆಂಟು ಸುರೀಬೇಕಾಗಿತ್ತಾ?”

ಸೆಂಟು. ಮಷಿನ್ ಎಣ್ಣೆಯ ವಾಸನೆ ಇರುವ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡುವುದು ಅವಳಿಗೆ ಸೇರುತ್ತಿರಲಿಲ್ಲ. ಹೊಲಿದದ್ದು ಯಾವುದೇ ಇರಲಿ, ಕೊನೆಯ ಸಲ ಜಾಲಿಸುವಾಗ ಬಟ್ಟೆ ಮೆತ್ತಗೆ ಮಾಡುವ ಪರಿಮಳದ ದ್ರವ ಒಂದು ಮುಚ್ಚಳ ಬೀಳಲೇಬೇಕು. ಹಾಸು ಪ್ರಾಣಿಗಳದ್ದಲ್ಲವೇ, ಇನ್ನಷ್ಟು ಘಮಘಮಿಸಲಿ ಎಂದು ಅದಕ್ಕೆ ಎರಡು ಮುಚ್ಚಳ. ಅದೂ ಪ್ರತಿ ಒಗೆತಕ್ಕೂ. ಆ ದ್ರವದ ಜಿಡ್ಡೇ ಬಟ್ಟೆಗೆ ಮೆತ್ತಿಕೊಂಡು ನೀರನ್ನು ತಡೆಯುತ್ತಿತ್ತೇ?

ಅವಳು ವಾಪಸು ಬಂದಿದ್ದ ಹಾಸೊಂದನ್ನು ಎಳೆದುಕೊಂಡು ಕುದಿಯುವ ನೀರಿಗೆ ಹಾಕಿದಳು. ಸೋಪು ಹಚ್ಚಿ, ಅದರ ಮೇಲೆ ಯಾವ ಜನ್ಮದ ಹಗೆಯೋ ಎಂಬಂತೆ ಕುಕ್ಕಿ ಕುಕ್ಕಿ ಒಗೆದಳು. ಘಮ ಪೂರ್ತಿ ಹೋಗುವ ತನಕ ಜಾಲಿಸಿದಳು. ಮರುದಿನ ಅದು ಒಣಗಿದಾಗ ಲೋಟದ ನೀರು ಸುರಿದಳು. ಇಳಿಯದಿರಲಿ ಎಂದು ಒಳಗೊಳಗೇ ಹಾರೈಸಿದ್ದಳು. ನೀರು ಇಳಿದುಹೋಯಿತು. ಮೇಲೆ ಕೈಯಾಡಿಸಿದರೆ ಪಸೆ ಮಾತ್ರ ಇತ್ತು.

ಮಧ್ಯಾಹ್ನ ಗಿರಾಕಿಗಳು ಇರದ ಹೊತ್ತು ನೋಡಿಯೇ ಅಂಗಡಿಗೆ ಹೋದಳು.

“ಅಣ್ಣ, ಬಟ್ಟೆ ಸರಿಯಾಗೇ ಇತ್ತು. ನಾನೇ ಸೆಂಟು ಹಾಕಿ ಕೆಡಿಸಿದ್ದೆ.”

ಅಂಗಡಿಯವನು ಥಾನು ಸುತ್ತುತ್ತಲೇ ಇದ್ದ. “ಯಾರಿಗೆ ಹೇಳ್ತಿದ್ದೀರಿ?”

“ನಿಮಗೇ.”

“ನನಗೆ ನಿನ್ನೆನೇ ಗೊತ್ತಿತ್ತು. ನೀವು ಬೈದದ್ದು ಅಂಗಡಿ ತುಂಬ ಜನ ಇರುವಾಗ. ಈಗ ಈ ಸ್ಟೂಲಿಗೆ ಹೇಳಿದ್ರೆ ಏನಕ್ಕ ಬಂತು?”

ಅವಳ ಮೈ ಉರಿದುಹೋಯಿತು. ತಪ್ಪೊಪ್ಪಲು ಅಂಗಡಿ ಬಾಗಿಲಿಗೆ ಬಂದವಳನ್ನು ಹೀಗೆ ನಿಲ್ಲಿಸಿ ಆಡಿಸುವುದೇ? ಹೊರಟುಹೋಗಲು ಕಾಲು ತುಡಿಯಿತು. ಹೋದರೆ ಈ ಬೀದಿಯಲ್ಲಿ ಇನ್ನು ಮುಂದೆ ತಲೆ ತಗ್ಗಿಸಿಯೇ ನಡೆಯಬೇಕು. ಸ್ಟೂಲನ್ನು ದರದರ ಎಳೆದು ಅದರ ಮೇಲೆ ಕೂತಳು. ಅವನು ಥಾನುಗಳನ್ನು ಒಂದೊಂದಾಗಿ ಜೋಡಿಸುತ್ತಾ ಹೋದ. ಬಿಸಿಲು ಎದುರುಗೋಡೆಯಿಂದ ಇಳಿಯತೊಡಗಿದಾಗ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಗಲ್ಲಾಪೆಟ್ಟಿಗೆಯ ಮುಂದೆ ಜಾಗವಿಲ್ಲದಂತಾದಾಗ ಅವಳು ದಡಕ್ಕನೆ ಎದ್ದಳು.

“ಎಲ್ರೂ ಕೇಳಿ! ನಿನ್ನೆ ನಾನಿಲ್ಲಿ ಬಾಯಿಗೆ ಬಂದದ್ದು ಬೈದೆ. ಬಟ್ಟೆದೇನೂ ತಪ್ಪಿರಲಿಲ್ಲ, ತಪ್ಪು ನಂದು!”

ಯಾರೋ ಕಿಸಕ್ಕೆಂದರು. ಅಂಗಡಿಯವನು ತಲೆಯೆತ್ತಲಿಲ್ಲ. “ಒಂದು ಮಾತು ಉಳೀತಲ್ಲ, ಅಕ್ಕ.”

ಅವಳು ಹಲ್ಲು ಕಚ್ಚಿದಳು. “ಇವರು ಕಳ್ಳರಲ್ಲ. ಸಾಕಾ?”

“ಇಷ್ಟು ಜೋರಾಗಿ ಕೂಗಬೇಕಾಗಿತ್ತಾ?”

“ನಿನ್ನೆ ಇದಕ್ಕಿಂತ ಜೋರಾಗಿತ್ತು!”

ಅವನು ಅಳತೆಕೋಲನ್ನು ಕೈಗೆತ್ತಿಕೊಂಡು ಮುಂದಿನವರಿಗೆ ಏನು ಬೇಕೆಂದು ಕೇಳಿದ. ಅವಳು ಮೆಟ್ಟಿಲಿಳಿದಳು. ಸಿಟ್ಟು ಇಳಿದಿರಲಿಲ್ಲ, ಬೈಯಲಿಕ್ಕೆ ಯಾರೂ ಉಳಿದಿರಲಿಲ್ಲ. ನರ್ಸಮ್ಮನ ಮನೆಗೆ ತಿರುಗುವ ಓಣಿಯಲ್ಲಿ ಅರೆಗಳಿಗೆ ನಿಂತಳು. ಮುದುಕನ ಕಾಲು ಇನ್ನೂ ಹುಣ್ಣಾಗಿಯೇ ಇತ್ತು. ತನ್ನ ಸೆಂಟಿನಿಂದಾದ ಆ ಹುಣ್ಣು ಯಾವ ಮಾತು ಹೇಳಿದರೂ ಮಾಯುವಂತಿರಲಿಲ್ಲ.