ಕಾಯಂ ಆಗುವ ತನಕ

ಬ್ಯಾಂಕಿನ ಸಾಲದ ಅಧಿಕಾರಿ ಒಳ್ಳೆಯವನೇ. ಕಡತವನ್ನು ಎರಡು ಸಲ ತಿರುವಿ ಹಾಕಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಎದುರು ಕೂತ ನರ್ಸಿಗೆ ಸಮಾಧಾನವಾಗಿಯೇ ಹೇಳಿದ. ಒಂದೇ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದೀರಿ, ಎಲ್ಲ ಸರಿ. ಆದರೆ ಹೊಸ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಆರು ತಿಂಗಳ ಸಂಬಳದ ಚೀಟಿ ಬೇಕು, ಇಲ್ಲವೇ ಕೆಲಸ ಕಾಯಂ ಆಗಿದೆಯೆಂಬ ಪತ್ರ ಬೇಕು.

“ಸಂಬಳ ಹಳೇದಕ್ಕಿಂತ ಜಾಸ್ತಿನೇ ಇದೆಯಲ್ಲ ಸರ್,” ಎಂದಳು.

“ಜಾಸ್ತಿ ಇರೋದು ಕಾಣುತ್ತಮ್ಮ. ನಿಲ್ಲುತ್ತೆ ಅನ್ನೋದು ಕಾಣಲ್ಲ.”

ಅವಳ ಗಂಡ ಪುಸ್ತಕಗಳಿಗೆ ಬೈಂಡು ಹಾಕುವವನು. ಕೈತುಂಬ ಕೆಲಸವಿತ್ತು, ಆದಾಯಕ್ಕೆ ಮಾತ್ರ ಕಾಗದವಿರಲಿಲ್ಲ. ಹಾಗಾಗಿ ಸಾಲ ಇವಳ ಹೆಸರಿನಲ್ಲೇ ಆಗಬೇಕಿತ್ತು. ನೋಡಿಟ್ಟಿದ್ದು ನೆಲಮಹಡಿಯ ಮನೆ. ಈಗಿರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಂಡಿನೋವಿನ ಅತ್ತೆ ವರ್ಷದಿಂದೀಚೆಗೆ ಕೆಳಗಿಳಿಯುವುದನ್ನೇ ಬಿಟ್ಟಿದ್ದರು. ಮನೆ ಮಾರುತ್ತಿದ್ದ ನಿವೃತ್ತ ಮೇಷ್ಟ್ರು ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದರು. ಅದಕ್ಕೆ ಉಳಿದಿದ್ದು ಹನ್ನೆರಡು ದಿನ.

ಮರುದಿನ ಹೊಸ ಕೆಲಸದ ಡಯಾಲಿಸಿಸ್ ಕೇಂದ್ರದಲ್ಲಿ, ಬೆಳಗಿನ ಪಾಳಿಯ ರೋಗಿಗಳು ಹೊರಟ ಮೇಲೆ, ಅವಳು ಡಾಕ್ಟರ ಕೋಣೆಗೆ ಹೋದಳು. ಕೇಂದ್ರ ಅವರದೇ. ಪತ್ರಕ್ಕೇನು, ಇವತ್ತೇ ಕೊಡೋಣ ಎಂದರು. ಅವಳಿಗೆ ಎದೆ ಹಗುರವಾಯಿತು. ಅಷ್ಟರಲ್ಲಿ ಡಾಕ್ಟರು, ರಾತ್ರಿ ಪಾಳಿಗೆ ಪಳಗಿದ ಕೈ ಇಲ್ಲ, ಎರಡು ವರ್ಷ ನೀವೇ ನೋಡಿಕೊಳ್ಳಬೇಕು, ಅದನ್ನೂ ಬರೆದುಕೊಡಿ ಎಂದರು. ನಾಳೆ ಹೇಳುತ್ತೇನೆಂದು ಎದ್ದುಬಂದಳು.

ಅಂದು ಮನೆಯ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲೇ ಕುಕ್ಕರಿಸಿದಳು. ಅತ್ತೆ ಬಾಗಿಲಿಗೆ ಬಂದು ಇಣುಕಿದರು. ಮೇಲೆ ಹೋಗಿ, ಕಾಲುಚೀಲ ಬಿಚ್ಚುತ್ತಾ, ಯಾರಿಗೂ ಹೇಳದಿದ್ದುದನ್ನು ಅವಳು ಅವರಿಗೆ ಹೇಳಿದಳು. ಹಳೆಯ ಕೆಲಸ ಬಿಟ್ಟಿದ್ದು ಸಂಬಳಕ್ಕಲ್ಲ. ಸಾಲುಸಾಲು ರಾತ್ರಿ ಪಾಳಿಗಳ ಕೊನೆಗೆ ಒಂದು ಬೆಳಗಿನ ಜಾವ, ಸೂಜಿ ಹಿಡಿದು ನಿಂತಲ್ಲೇ ಜೋಂಪು ಹತ್ತಿತ್ತು. ರೋಗಿಯೇ ಸಿಸ್ಟರ್ ಎಂದು ಕರೆದು ಎಚ್ಚರಿಸಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ವಾರವೇ ರಾಜೀನಾಮೆ ಬರೆದಿದ್ದಳು.

ಅತ್ತೆ ಅವಳ ಕೈಯಿಂದ ಕಾಲುಚೀಲ ತೆಗೆದುಕೊಂಡು ಮಡಚಿದರು.

“ಮೆಟ್ಟಿಲು ನನ್ನ ಮಂಡಿ ತಿನ್ನುತ್ತೆ. ರಾತ್ರಿ ಪಾಳಿ ನಿನ್ನನ್ನೇ ತಿನ್ನುತ್ತೆ,” ಎಂದರು ಆಮೇಲೆ. “ಮಂಡಿ ಹಳೇದು, ತಿನ್ನಲಿ ಬಿಡು.”

“ಮನೆ ಕೈತಪ್ಪುತ್ತಮ್ಮ.”

“ತಪ್ಪಲಿ. ಊರಲ್ಲಿ ಇರೋದು ಅದೊಂದೇ ಮನೆನಾ?”

ಅವಳು ಆಗುವುದಿಲ್ಲ ಎಂದಾಗ ಡಾಕ್ಟರು ಸರಿ ಎಂದರು. ಆಮೇಲೆ ಒಂದೆರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಮೇಷ್ಟ್ರು ಫೋನು ಮಾಡಿ, ಬೇರೆಯವರು ಮುಂಗಡ ಕೊಟ್ಟರೆಂದು ತಾವೇ ತಪ್ಪು ಮಾಡಿದವರಂತೆ ತಡವರಿಸಿದರು. ಆ ಸಂಜೆ ಗಂಡ ಅಂಟು ಒಣಗದ ಪುಸ್ತಕಗಳನ್ನು ಸುಮ್ಮನೆ ಜೋಡಿಸಿದ, ಮತ್ತೆ ಜೋಡಿಸಿದ.

ನಾಲ್ಕು ತಿಂಗಳು ಕಳೆದವು. ಆರು ತಿಂಗಳು ತುಂಬಿದ್ದಕ್ಕೆ, ಷರತ್ತಿಲ್ಲದೆಯೇ, ಕಾಯಂ ಪತ್ರ ಬಂತು, ಒಂಬತ್ತೇ ದಿನಕ್ಕೆ ಸಾಲ ಮಂಜೂರಾಯಿತು. ಅಷ್ಟರಲ್ಲಿ ನೆಲಮಹಡಿಗಳ ಬೆಲೆ ಕೈಗೆಟುಕದಂತಾಗಿತ್ತು. ಸಿಕ್ಕಿದ್ದು ಮೊದಲನೇ ಮಹಡಿ, ಹದಿನಾಲ್ಕು ಮೆಟ್ಟಿಲು, ಅಡುಗೆಮನೆಗೆ ಬೆಳಕು ಕಮ್ಮಿ. ಸಹಿ ಹಾಕಿದಾಗ ಸಂತೋಷವಾಗಬೇಕಿತ್ತು. ಅಧಿಕಾರಿ ನೀರು ಬೇಕಾ ಎಂದು ಕೇಳಿದ. ಕುಡಿದು, ಮಧ್ಯಾಹ್ನದ ಪಾಳಿಗೆ ಹೊರಟಳು.

ಮನೆ ಬಿಡುವ ದಿನ ಅತ್ತೆ ಮೂರು ಮಹಡಿ ಇಳಿಯಲು ಅರ್ಧ ಗಂಟೆ ಹಿಡಿಯಿತು. ಗಂಡ ಕುರ್ಚಿ ಹೊತ್ತು ಮುಂದೆ ಇಳಿಯುತ್ತಿದ್ದ. ಮೆಟ್ಟಿಲು ತಿರುಗುವಲ್ಲೆಲ್ಲ ಅದನ್ನಿಳಿಸಿ ಅಮ್ಮನನ್ನು ಕೂರಿಸುತ್ತಿದ್ದ. ಅವಳು ಅತ್ತೆಯ ಕೈ ಹಿಡಿದಿದ್ದಳು. ಬೆರಳು ಅಭ್ಯಾಸಬಲದಿಂದ ನಾಡಿ ಹುಡುಕಿತು.

“ಎಷ್ಟಿದೆ?” ಎಂದು ಅತ್ತೆ ಕೇಳಿದರು.

“ಪರವಾಗಿಲ್ಲ. ಇನ್ನೊಂದು ಸ್ವಲ್ಪ ಕೂತ್ಕೊಳಿ.”