ಹಸಿ ಹಲಸಿನ ಮೇಜು

ಪುಣೆಯಿಂದ ವಾಪಸು ಬಂದ ಊಟದ ಮೇಜು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಲಾರಿಯವರು ಎಲ್ಲೋ ಬೀಳಿಸಿರಬೇಕೆಂದು ಬೈದುಕೊಂಡೇ ನಜ್ಲಾ ಕಾಟಿಪಳ್ಳದ ಬಾಡಿಗೆಯ ಮರಗೆಲಸದ ಶೆಡ್ಡಿನಲ್ಲಿ ಅದನ್ನು ಮಗುಚಿ ನೋಡಿದಳು. ಪೆಟ್ಟಿನ ಗುರುತು ಎಲ್ಲೂ ಇರಲಿಲ್ಲ. ಬಿರುಕಿನೊಳಗೆ ಮರ ಹಳದಿಯಾಗಿತ್ತು. ಬಗ್ಗಿದಾಗ ಮೂಗಿಗೆ ಬಡಿದದ್ದು ಹಸಿ ಹಲಸಿನ ವಾಸನೆ. ತಲೆಮಾರುಗಟ್ಟಲೆ ಹಂಚಿನಡಿ ಒಲೆಯ ಹೊಗೆ ಕುಡಿದ ತೊಲೆಗೆ ಅಂಥ ವಾಸನೆ ಇರುವುದಿಲ್ಲ. ಅದನ್ನು ಅವಳು ಯಾರನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ.

'ಹಳೆಬೇರು' ಅವಳೂ ಅವಳ ಕಾಲೇಜಿನ ಗೆಳತಿ ಗ್ಲ್ಯಾಡಿಸಳೂ ಸೇರಿ ಕಟ್ಟಿದ ಆನ್‌ಲೈನ್ ಅಂಗಡಿ. ಕೆಡವಿದ ಮನೆಗಳ ಮರದಿಂದ ಮೇಜು, ಕುರ್ಚಿ, ದೀಪದ ಕಂಬಗಳನ್ನು ಮಾಡಿಸುವುದು ನಜ್ಲಾಳ ಪಾಲು. ಕೈಮಗ್ಗದ ಬಟ್ಟೆಗೆ ದಾಳಿಂಬೆ ಸಿಪ್ಪೆ, ಅಡಿಕೆ ಚೊಗರಿನ ಬಣ್ಣ ಕಟ್ಟಿ ಉಡುಪು ಹೊಲಿಸುವುದು ಗ್ಲ್ಯಾಡಿಸಳ ಪಾಲು. ಇದಕ್ಕಾಗಿ ಒಂದು ಮರವನ್ನೂ ಕಡಿದಿಲ್ಲ ಎಂಬ ಮಾತು ಪ್ರತಿ ಮೇಜಿನ ಫೋಟೋದ ಕೆಳಗೂ ಇರುತ್ತಿತ್ತು. ಆ ಮಾತನ್ನು ನಂಬಿಯೇ ದೂರದೂರದ ಊರುಗಳಿಂದ ಜನ ತರಿಸಿಕೊಳ್ಳುತ್ತಿದ್ದರು.

ಮರ ತರುವವನು ಅವಳ ಗಂಡ ನವಾಝ್. ಶಾರ್ಜಾದಲ್ಲಿ ಅವನಿದ್ದ ಕಂಪನಿ ಮುಚ್ಚಿದ ಮೇಲೆ ಊರಿಗೆ ಬಂದು, ಬಿಜೈಯ ಫ್ಲ್ಯಾಟಿನಲ್ಲಿ ಹಗಲಿಡೀ ಟಿವಿಯ ಮುಂದೆ ಮಾತಿಲ್ಲದೆ ಕೂತಿರುತ್ತಿದ್ದ. ನಜ್ಲಾ ಈ ಕೆಲಸ ವಹಿಸಿದ ಮೇಲೆಯೇ ಅವನು ಮತ್ತೆ ಮೊದಲಿನ ಮನುಷ್ಯನಾದದ್ದು. ಎಲ್ಲಿ ಹಳೆ ಮನೆ ಒಡೆಯುತ್ತಾರೆಂದು ವಿಚಾರಿಸುತ್ತ ಬೈಕಿನಲ್ಲಿ ಸುತ್ತಿದ, ಬಿಸಿಲಿಗೆ ಕಪ್ಪಾದ, ರಾತ್ರಿ ಊಟಕ್ಕೆ ಕೂತಾಗ ನಗಿಸತೊಡಗಿದ.

ಅಂದು ಮಧ್ಯಾಹ್ನ ಅವನು ಶೆಡ್ಡಿಗೆ ಬಂದಾಗ ನಜ್ಲಾ ಕೇಳಿದಳು, "ಇದು ಎಲ್ಲಿಯ ಮರ?"

"ಮುಲ್ಕಿಯ ಮನೆಯದ್ದು. ಯಾಕೆ?"

"ನೋಡಿ, ನನ್ನ ಹತ್ತಿರ ಸುಳ್ಳು ಬೇಡ."

ನವಾಝ್ ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟ. ಮೂಲೆಯಲ್ಲಿ ಕುರ್ಚಿಯ ಕಾಲು ಕೆತ್ತುತ್ತಿದ್ದ ಲೋಕಯ್ಯ ಆಚಾರಿ ಉಳಿಯನ್ನು ಕೆಳಗಿಟ್ಟು ಸುಮ್ಮನೆ ಹೊರಗೆ ಹೋದರು. ಅವರಿಗೂ ಗೊತ್ತಿತ್ತೆಂದು ನಜ್ಲಾಳಿಗೆ ಅರ್ಥವಾಯಿತು.

"ಮನೆ ಒಡೆಯುವ ಮೊದಲೇ ರೆಸಾರ್ಟಿನವರು ಮರ ಬುಕ್ ಮಾಡಿರ್ತಾರೆ" ಎಂದ ನವಾಝ್. "ನಮಗೆ ಸಿಗುವುದು ಗೆದ್ದಲು ಹಿಡಿದದ್ದು. ನೀನು ದಿನಾ ಆರ್ಡರ್ ತೋರಿಸಿ ಖುಷಿಪಡ್ತಿದ್ದೆ. ಮರ ಇಲ್ಲ ಅಂತ ನಾನು ಹೇಗೆ ಹೇಳುವುದು?"

"ಎಷ್ಟು ಸಮಯದಿಂದ?"

"ಕಳೆದ ಮಳೆಗಾಲ ಮುಗಿದ ಮೇಲಿನದ್ದು ಎಲ್ಲ."

ಮನೆ ಕಟ್ಟಲಿಕ್ಕೆಂದು ಜನ ಹಿತ್ತಲಲ್ಲಿ ಕಡಿಸುವ ಹಲಸಿನ ಮರಗಳನ್ನು ಕೊಂಡಿದ್ದ. ತುಕ್ಕು ಕಬ್ಬಿಣ ನೆನೆಸಿದ ವಿನೆಗರ್ ಬಳಿದು ಕಪ್ಪು ಮಾಡಿ, ಸರಪಳಿಯಿಂದ ಹೊಡೆದು ಕಲೆ ಬೀಳಿಸಿದ್ದ. ಇದನ್ನೆಲ್ಲ ತಗ್ಗಿದ ದನಿಯಲ್ಲಿ, ಏನನ್ನೂ ಬಿಡದೆ ಹೇಳಿದ. ಬೈಯಬೇಕೆಂದು ಬಾಯಿ ತೆರೆದ ನಜ್ಲಾಳಿಗೆ ಅವನ ಮುಖ ನೋಡಿ ಆಗಲಿಲ್ಲ.

ಕೆಲವು ದಿನ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಇವನು ಮತ್ತೆ ಟಿವಿಯ ಮುಂದೆ. ಹೇಳದಿದ್ದರೆ ಪ್ರತಿ ಪಾರ್ಸೆಲ್ಲಿಗೂ ತಾನೇ ಸುಳ್ಳು ಅಂಟಿಸಬೇಕು. ಒಂದು ಶುಕ್ರವಾರ, ಅವನು ಜುಮಾಕ್ಕೆ ಹೋದ ಹೊತ್ತಿನಲ್ಲಿ, ಅಂಗಡಿಯ ಪುಟದಲ್ಲಿ ಬರೆದೇಬಿಟ್ಟಳು: ಮಳೆಗಾಲದ ನಂತರ ಕಳಿಸಿದ ಪೀಠೋಪಕರಣಗಳೆಲ್ಲ ಹೊಸದಾಗಿ ಕಡಿದ ಮರದವು, ಬೇಡವಾದವರು ವಾಪಸು ಕಳಿಸಬಹುದು, ತಪ್ಪು ನಮ್ಮದು. ನವಾಝನ ಹೆಸರು ಹಾಕಲಿಲ್ಲ.

ಜನ ಉಗಿಯುತ್ತಾರೆಂದು ಕಾದಳು. ಯಾರೂ ಉಗಿಯಲಿಲ್ಲ. ನೋಡಲು ಚೆನ್ನಾಗಿದೆ, ಇರಲಿ ಎಂದು ಹೈದರಾಬಾದಿನ ಒಬ್ಬರು ಬರೆದರು. ಬೆಂಗಳೂರಿನ ಒಬ್ಬ ಹೆಂಗಸು ಫೋನೇ ಮಾಡಿದಳು. "ಬಂದವರಿಗೆಲ್ಲ ಹಳೇ ಮನೆ ಮರ ಅಂತ ಹೇಳಿಬಿಟ್ಟಿದ್ದೀನಿ. ನೀವು ಸುಮ್ನೆ ಇರಬಹುದಿತ್ತು. ಆ ಪುಟ ತೆಗೆದುಬಿಡಿ, ಪ್ಲೀಸ್."

ಒಂದು ಕುರ್ಚಿಯೂ ಹಿಂದಿರುಗಲಿಲ್ಲ. ಹಿಂದಿರುಗಿದ್ದು ಗ್ಲ್ಯಾಡಿಸಳ ಉಡುಪುಗಳು. ಮರವೇ ಸುಳ್ಳಾದರೆ ಬಣ್ಣ ಹೇಗೆ ನಿಜವಾದೀತು ಎಂಬುದು ಕೊಂಡವರ ಪ್ರಶ್ನೆ. ಅವಳು ಸಿಪ್ಪೆ ಕುದಿಸುವುದನ್ನು ವಿಡಿಯೋ ಮಾಡಿ ಹಾಕಿದಳು. ಅದನ್ನೂ ನಾಟಕವೆಂದರು.

ಗ್ಲ್ಯಾಡಿಸ್ ಬಿಜೈಗೆ ಬಂದು ಕೂತಳು. ಅವಳ ಉಗುರುಗಳ ಸಂದಿಯಲ್ಲಿ ಚೊಗರಿನ ಕೆಂಪು ಇನ್ನೂ ಉಳಿದಿತ್ತು.

"ಬರೆಯುವ ಮೊದಲು ನನಗೊಂದು ಮಾತು ಹೇಳ್ಬಹುದಿತ್ತು ನಜ್ಲಾ."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ. ನಾನು ಎಂತ ತಪ್ಪು ಮಾಡಿದ್ದೆ ಹೇಳು?"

ನಜ್ಲಾ ಲೋಟವನ್ನು ಅವಳ ಕಡೆ ಸರಿಸಿದಳು. ಟೀ ಆರಿತು. ಮುಂದಿನ ತಿಂಗಳು ಗ್ಲ್ಯಾಡಿಸ್ ಪಂಪ್‌ವೆಲ್ಲಿನ ಒಂದು ರೆಡಿಮೇಡ್ ಅಂಗಡಿಯಲ್ಲಿ ಬಿಲ್ಲಿಂಗಿಗೆ ಸೇರಿದಳು. ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟಳು.

ನವಾಝ್ ಸಿಟ್ಟು ಮಾಡಲಿಲ್ಲ. "ನೀನು ಮಾಡಿದ್ದು ಸರಿಯೇ" ಎಂದ ಅಷ್ಟೆ, ಮುಖ ನೋಡದೆ. ಮನೆಯ ಹಿಂದಿನ ರಸ್ತೆಯಲ್ಲೇ ಒಂದು ಹಳೆ ಮನೆ ಒಡೆಯುವ ಸುದ್ದಿ ಸಿಕ್ಕಿದಾಗ ನಜ್ಲಾ ಅವನನ್ನು ಕರೆದಳು. ನಿಜವಾದ ಮರ, ಮತ್ತೆ ಶುರು ಮಾಡುವ ಎಂದಳು. ಅವನು ಬೇಡವೆಂದು ತಲೆಯಾಡಿಸಿದ. "ಆ ಮರದ ವಿಷಯ ಯಾರಾದ್ರೂ ಕೇಳಿದ್ರೆ ಎಂತ ಹೇಳುವುದು? ನೀನು ಹೋಗು."

ಅವಳು ಒಬ್ಬಳೇ ಹೋದಳು. ತೊಲೆಗಳನ್ನೆಲ್ಲ ಆಗಲೇ ಯಾರದೋ ಲಾರಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದರು. ಒಂದು ಬಾಗಿಲ ದಾರಂದ, ಹಳೆ ಚೌಕಟ್ಟಾದರೂ ಸಿಗಬಹುದೇ ಎಂದು ಕೇಳಿದಳು. ಗುತ್ತಿಗೆಯವನು ಇಲ್ಲವೆಂದು ಕೈಯಾಡಿಸಿ, ದೂಳು ಬರ್ತದೆ, ಆಚೆ ನಿಲ್ಲಿ ಎಂದ.

ತಿಂಗಳ ಕೊನೆಗೆ ಶೆಡ್ಡು ಖಾಲಿ ಮಾಡಿ ಮನೆಗೆ ಬಂದಾಗ ಅತ್ತೆ ಬೀಫಾತಿಮ್ಮ ಉಳ್ಳಾಲದ ಮದುವೆಗೆ ಉಡಬೇಕೆಂದು ತೆಗೆದ ಸೀರೆಯನ್ನು ಮಂಚದ ಮೇಲೆ ಹರಡಿಕೊಂಡಿದ್ದರು.

"ನವಾಝ್ ಇನ್ನು ಶೆಡ್ಡಿಗೆ ಹೋಗುವುದಿಲ್ಲವಾ?" ಎಂದು ಕೇಳಿದರು.

"ಬೀಗದ ಕೈ ಮಾಲೀಕರಿಗೆ ಕೊಟ್ಟಾಯಿತು ಉಮ್ಮ."

ಬೀಫಾತಿಮ್ಮ ಸೀರೆಯ ಅಂಚನ್ನು ಬೆರಳಿನಿಂದ ತೀಡಿದರು. "ಹಾಗಾದ್ರೆ ಮದುವೆಗೆ ನೀವೇ ಹೋಗಿ ಬನ್ನಿ" ಎಂದರು. "ಅಲ್ಲಿ ಎಲ್ಲರೂ ಮಗ ಎಂತ ಮಾಡ್ತಾನೆ ಅಂತಲೇ ಕೇಳುವುದು."

"ನಾವೂ ಹೋಗುವುದಿಲ್ಲ" ಎಂದಳು ನಜ್ಲಾ. ಸೀರೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮಡಚಿ ಕಪಾಟಿನಲ್ಲಿಟ್ಟರು.